ಪ್ಲಾಸ್ಟಿಕ್ಕಿನಲ್ಲಿ ನ್ಯಾನೊತಂತ್ರದ ಕಾಲವಿಚಾರ

೧. ವಿಷಯೋಪಕ್ರಮ

ಕವಿಗಳ ಕಾಲದೇಶಗಳನ್ನು ನಿರ್ಣಯಿಸುವ ಕಾರ್ಯದಲ್ಲಿ ನಮ್ಮ ವಿದ್ವಾಂಸರು ಒಂದು ಶತಮಾನಕ್ಕೂ ಮಿಕ್ಕು ಶ್ರಮಿಸಿರುವರು. ಶಾಸನದ ತಿಥಿ, ಗ್ರಂಥಾಂತ್ಯದ ಪ್ರಶಸ್ತಿ, ಪೂರ್ವಕವಿಸ್ಮರಣೆ, ಲಕ್ಷಣಗ್ರಂಥಗಳಲ್ಲಿ ಉದ್ಧೃತವಾದ ಪದ್ಯ, ಇವೇ ಮೊದಲಾದ ಸಾಧನಗಳನ್ನು ತೂಗಿನೋಡಿ, ಪ್ರಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಬಿಡುವ ಕ್ರಮವು ಈಗ ಎಲ್ಲರಿಗೂ ಪರಿಚಿತವಾಗಿದೆ. ಆ ಕ್ರಮವು ಕಾವ್ಯಗಳಿಗೆ ಮಾತ್ರ ಮೀಸಲಾದುದಲ್ಲ. ಒಂದು ಶಿಲ್ಪವಾಗಲಿ, ಒಂದು ವಿದ್ಯೆಯಾಗಲಿ ಎಂದು ಹುಟ್ಟಿತು, ಅದಕ್ಕೆ ಪೂರ್ವರೂಪಗಳಾವುವು ಎಂಬುದನ್ನು ವಿಚಾರಿಸುವವನಿಗೂ ಅದೇ ದಾರಿ.

ನಮ್ಮ ಕಾಲದಲ್ಲಿ ನ್ಯಾನೊತಂತ್ರವೆಂಬ ಹೆಸರು ಪಾಠಪುಸ್ತಕಗಳಲ್ಲಿಯೂ ಭಾಷಣವೇದಿಕೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಅದು ಹೆಚ್ಚಾಗಿ ಬಳಕೆಗೆ ಬಂದಿರುವ ಕ್ಷೇತ್ರಗಳಲ್ಲಿ ಪ್ಲಾಸ್ಟಿಕ್ಕು ರಬ್ಬರುಗಳ ತಯಾರಿಕೆಯೂ ಒಂದು. ಈ ವಿದ್ಯೆಯ ಆರಂಭವನ್ನು ಕುರಿತು ಮೂರು ಅಭಿಪ್ರಾಯಗಳು ಪ್ರಚಾರದಲ್ಲಿವೆ. ನಮ್ಮ ಪೂರ್ವಿಕರೇ ಇದನ್ನು ಅರಿತಿದ್ದರೆಂಬುದು ಮೊದಲನೆಯದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಬ್ಬರಿಗೆ ಮಸಿಯನ್ನು ಬೆರೆಸಿದಂದೇ ಇದು ಹುಟ್ಟಿತೆಂಬುದು ಎರಡನೆಯದು. ನ್ಯಾನೊತಂತ್ರವೆಂಬ ಹೆಸರು ಹುಟ್ಟಿದಂದೇ ವಿದ್ಯೆಯೂ ಹುಟ್ಟಿತೆಂಬುದು ಮೂರನೆಯದು. ಇವುಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ, ಅಥವಾ ಮೂರನ್ನೂ ಬಿಟ್ಟು ನಾಲ್ಕನೆಯದೊಂದನ್ನು ಹೇಳಬೇಕಾಗುವುದೊ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಭಾಷಾಸಾಹಿತ್ಯಗಳನ್ನು ಬೋಧಿಸುವವರಿಗೆ ಈ ವಿಚಾರವು ಹೊರತಾದುದಲ್ಲ. ಏಕೆಂದರೆ ಇಲ್ಲಿ ಬರುವ ಭ್ರಾಂತಿಗಳಲ್ಲಿ ಹೆಚ್ಚಿನವು ಪದಾರ್ಥಗಳಿಂದ ಹುಟ್ಟಿದವಲ್ಲ, ಪದಗಳಿಂದ ಹುಟ್ಟಿದವು.

೨. ಪದವಿಚಾರ

ನ್ಯಾನೊ ಎಂಬುದು ಗ್ರೀಕು ಭಾಷೆಯಿಂದ ಬಂದ ಶಬ್ದ. ಕುಳ್ಳನು, ವಾಮನನು ಎಂಬುದು ಅದರ ಮೂಲಾರ್ಥ. ೧೯೬೦ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ನೂರುಕೋಟಿಯಲ್ಲಿ ಒಂದು ಪಾಲನ್ನು ಸೂಚಿಸುವ ಉಪಸರ್ಗವಾಗಿ ಇದನ್ನು ಅಂಗೀಕರಿಸಿತು. ಆದಕಾರಣ ಮೀಟರಿನ ನೂರುಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರು. ಜಲಜನಕದ ಪರಮಾಣುಗಳನ್ನು ಸಾಲಾಗಿ ಇಟ್ಟರೆ ಸುಮಾರು ಹತ್ತು ಪರಮಾಣುಗಳು ಈ ಅಳತೆಯಲ್ಲಿ ಹಿಡಿಯುತ್ತವೆ. ತಲೆಗೂದಲಿನ ದಪ್ಪವು ಎಂಬತ್ತು ಸಾವಿರ ನ್ಯಾನೊಮೀಟರಿನ ಆಸುಪಾಸಿನದು. ಒಂದರಿಂದ ನೂರು ನ್ಯಾನೊಮೀಟರಿನವರೆಗಿನ ಪ್ರಮಾಣವುಳ್ಳ ಕಣಗಳನ್ನು ನ್ಯಾನೊಕಣಗಳೆಂದು ಕರೆಯುವುದು ವಾಡಿಕೆ.

ಪಾಲಿಮರು ಎಂಬುದೂ ಗ್ರೀಕು ಮೂಲದ್ದೇ. ಬಹು ಅವಯವಗಳುಳ್ಳದ್ದು ಎಂದು ಅದರ ಅರ್ಥ. ೧೮೩೩ರಲ್ಲಿ ಸ್ವೀಡನ್ ದೇಶದ ಬರ್ಜೀಲಿಯಸ್ಸನು ಈ ಶಬ್ದವನ್ನು ಬೇರೊಂದು ಅರ್ಥದಲ್ಲಿ ಪ್ರಯೋಗಿಸಿದನು. ಒಂದೇ ಬಗೆಯ ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಸಾವಿರಾರು ಸಂಖ್ಯೆಯಲ್ಲಿ ಕೂಡಿ ಆದ ಮಹಾಣುವೆಂಬ ಈಗಿನ ಅರ್ಥವು ನಿಂತದ್ದು ಇಪ್ಪತ್ತನೆಯ ಶತಮಾನದಲ್ಲಿ. ಹತ್ತಿ, ರೇಷ್ಮೆ, ಅರಗು, ರಬ್ಬರು ಇವು ನಿಸರ್ಗದತ್ತವಾದ ಪಾಲಿಮರುಗಳು. ಬೇಕಲೈಟು, ನೈಲಾನು, ಪಾಲಿಥೀನು ಮುಂತಾದವು ಮನುಷ್ಯನಿರ್ಮಿತವಾದವು.

ಇಲ್ಲಿ ವೈಶೇಷಿಕರ ಪರಮಾಣುವಿನ ಪ್ರಸಂಗವು ತಾನಾಗಿಯೇ ಬರುತ್ತದೆ. ಎರಡು ಪರಮಾಣುಗಳಿಂದ ದ್ವ್ಯಣುಕವೂ, ಮೂರು ದ್ವ್ಯಣುಕಗಳಿಂದ ತ್ರ್ಯಣುಕವೂ ಆಗುವುದೆಂದೂ, ಗವಾಕ್ಷದಿಂದ ಬೀಳುವ ಬಿಸಿಲುಕೋಲಿನಲ್ಲಿ ಕಾಣುವ ಧೂಳಿಯೇ ಆ ತ್ರ್ಯಣುಕವೆಂದೂ ಆ ಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಇದೇ ತ್ರಸರೇಣು. ಮನುಸ್ಮೃತಿಯಲ್ಲಿ ತೂಕಗಳ ಗಣನೆಯು ಇಲ್ಲಿಂದಲೇ ಆರಂಭವಾಗುತ್ತದೆ. ಆದರೆ ಇದನ್ನು ಅಕ್ಷರಶಃ ಹಿಡಿದು ಲೆಕ್ಕ ಹಾಕಿದರೆ ಒದಗುವ ಫಲವೇನು? ಬಿಸಿಲುಕೋಲಿನಲ್ಲಿ ಬರಿಗಣ್ಣಿಗೆ ಕಾಣುವ ಧೂಳಿಯು ಸಾಮಾನ್ಯವಾಗಿ ಸಾವಿರಾರು ನ್ಯಾನೊಮೀಟರಿನದು. ಅದರ ಆರನೆಯ ಒಂದು ಪಾಲು ಈಗಿನವರು ಹೇಳುವ ಪರಮಾಣುವಿಗಿಂತ ಎಷ್ಟೋ ಪಾಲು ದೊಡ್ಡದು. ಇದರಿಂದ ಕಣಾದನಿಗೆ ಯಾವ ಲಾಘವವೂ ಬಾರದು. ಆತನು ಹೇಳಹೊರಟದ್ದು ಅಳತೆಯನ್ನಲ್ಲ. ವಿಭಾಗವು ಎಲ್ಲಿಯೂ ನಿಲ್ಲದಿದ್ದರೆ ಮೇರುಪರ್ವತಕ್ಕೂ ಸಾಸಿವೆಕಾಳಿಗೂ ಪರಿಮಾಣಭೇದವೇ ಇಲ್ಲವಾದೀತೆಂಬ ಯುಕ್ತಿಯಿಂದ ಸಿದ್ಧಿಸುವ ನಿರವಯವ ದ್ರವ್ಯವೇ ಆ ದರ್ಶನದ ಪರಮಾಣು. ಅನುಮಾನದಿಂದ ಸಿದ್ಧವಾದುದನ್ನು ಅಳತೆಯಿಂದ ಸಿದ್ಧವಾದುದರೊಡನೆ ಒಂದಾಗಿಸುವುದು ಎರಡು ಶಾಸ್ತ್ರಗಳಿಗೂ ಮಾಡುವ ಅನ್ಯಾಯ.

ಕನ್ನಡದ ವಿಜ್ಞಾನಪಾಠಗಳಲ್ಲಿ ಅಣುವೆಂಬ ಮಾತು ಒಂದು ಅರ್ಥದಲ್ಲಿಯೂ ಪರಮಾಣುವೆಂಬುದು ಇನ್ನೊಂದು ಅರ್ಥದಲ್ಲಿಯೂ ಈಗಾಗಲೇ ರೂಢವಾಗಿವೆ. ಹೀಗಿರಲಾಗಿ ನ್ಯಾನೊತಂತ್ರವನ್ನು ಅಣುತಂತ್ರವೆಂದು ಅನುವಾದಿಸಿದರೆ ಗೊಂದಲವು ಹೆಚ್ಚುವುದೇ ಹೊರತು ಕಡಮೆಯಾಗದು. ರೂಢಿಯಲ್ಲಿ ನಿಂತಿರುವ ನ್ಯಾನೊ ಶಬ್ದವನ್ನೇ ತದ್ಭವದಂತೆ ಇಟ್ಟುಕೊಳ್ಳುವುದು ಮೇಲು.

೩. ಲಕ್ಷಣವಿಚಾರ

ಕಾಲವನ್ನು ನಿರ್ಣಯಿಸುವುದಕ್ಕೆ ಮುಂಚೆ ವಸ್ತುವಿನ ಲಕ್ಷಣವನ್ನು ಹೇಳಬೇಕು. ಪಾಲಿಮರಿನಲ್ಲಿ ನ್ಯಾನೊಪ್ರಮಾಣದ ಕಣಗಳು ಬೆರೆತಿರುವುದೇ ಲಕ್ಷಣವೆಂದರೆ ಅತಿವ್ಯಾಪ್ತಿದೋಷವು ಬರುತ್ತದೆ. ನಮ್ಮ ಮೈಯೊಳಗಿನ ಎಲುಬು ಕೊಲಾಜನ್ ಎಂಬ ಪಾಲಿಮರಿನ ನಾರುಗಳಲ್ಲಿ ಕೆಲವೇ ನ್ಯಾನೊಮೀಟರು ದಪ್ಪದ ಖನಿಜದ ಬಿಲ್ಲೆಗಳು ಸೇರಿ ಆದುದು. ಅದು ಯಾರ ತಂತ್ರವೂ ಅಲ್ಲ. ನ್ಯಾನೊ ಎಂಬ ಹೆಸರಿನಿಂದ ಮಾಡಿದ್ದೇ ನ್ಯಾನೊತಂತ್ರವೆಂದರೆ ಅವ್ಯಾಪ್ತಿದೋಷವು ಬರುತ್ತದೆ. ಈ ಕ್ಷೇತ್ರದ ಮುಖ್ಯ ಕೃತಿಯೆಂದು ಎಲ್ಲರೂ ಒಪ್ಪುವ ಪ್ರಯೋಗದ ಪೇಟೆಂಟಿನ ಶೀರ್ಷಿಕೆಯಲ್ಲಿ ಆ ಶಬ್ದವೇ ಇಲ್ಲವೆಂಬುದನ್ನು ಮುಂದೆ ನೋಡುವೆವು.

ಆದುದರಿಂದ ಮೂರು ಅಂಗಗಳುಳ್ಳ ಲಕ್ಷಣವನ್ನು ಹೇಳುವುದು ಉಚಿತ. ಬೆರೆಸಿದ ದ್ರವ್ಯವು ನ್ಯಾನೊಪ್ರಮಾಣದಲ್ಲಿ ಹರಡಿರಬೇಕು, ಇದು ಪ್ರಮಾಣ. ಹಾಗೆ ಹರಡಿರುವುದನ್ನು ಕರ್ತೃವು ಉಪಕರಣದಿಂದ ಕಂಡು ಅಳೆದಿರಬೇಕು; ಇದು ದರ್ಶನ. ಆ ಪ್ರಮಾಣದಿಂದ ಬರುವ ಗುಣವನ್ನೇ ಉದ್ದೇಶಿಸಿ ಕಣಕ್ಕೂ ಪಾಲಿಮರಿಗೂ ಆಗಬೇಕಾದ ಸಂಬಂಧವನ್ನು ಮೊದಲೇ ಏರ್ಪಡಿಸಿರಬೇಕು, ಇದು ಸಂಕಲ್ಪ. ಮೂರೂ ಕೂಡಿದಲ್ಲಿ ತಂತ್ರವು ಪೂರ್ಣ. ಒಂದೆರಡು ಮಾತ್ರ ಇದ್ದಲ್ಲಿ ಪೂರ್ವರೂಪ.

ಪ್ರಮಾಣಕ್ಕೆ ಇಷ್ಟು ಮಹತ್ವವೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರು ಪಕ್ಕವುಳ್ಳ ಘನವೊಂದರ ಮೇಲ್ಮೈ ಆರು ಚದರ ಸೆಂಟಿಮೀಟರು. ಅದನ್ನೇ ಒಂದು ನ್ಯಾನೊಮೀಟರು ಪಕ್ಕದ ಘನಗಳಾಗಿ ತುಂಡರಿಸಿದರೆ, ದ್ರವ್ಯವು ಸಾಸಿವೆಯಷ್ಟೂ ಹೆಚ್ಚದೆ ಮೇಲ್ಮೈ ಮಾತ್ರ ೬,೦೦೦ ಚದರ ಮೀಟರಾಗುತ್ತದೆ. ಇದು ಸುಮಾರು ಒಂದೂವರೆ ಎಕರೆ ಹೊಲದ ವಿಸ್ತಾರ. ಬೆರಕೆಯ ಕಣವು ಪಾಲಿಮರಿನ ಸರಪಳಿಯನ್ನು ಹಿಡಿಯುವುದು ತನ್ನ ಮೇಲ್ಮೈಯಿಂದಲೇ. ಆದಕಾರಣ ಅತ್ಯಲ್ಪ ದ್ರವ್ಯದಿಂದ ಮಹತ್ತಾದ ಕಾರ್ಯವು ಸಾಧ್ಯವಾಗುತ್ತದೆ.

೪. ಪ್ರಾಚೀನಪಕ್ಷದ ಪರೀಕ್ಷೆ

ಪೂರ್ವಿಕರು ಇದನ್ನು ಅರಿತಿದ್ದರೆಂಬ ಪಕ್ಷವು ಕೇವಲ ನಿರಾಧಾರವಾದುದಲ್ಲ. ೨೦೦೬ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಪೌಫ್ಲರ್ ಮತ್ತು ಆತನ ಸಹೋದ್ಯೋಗಿಗಳು ಹದಿನೇಳನೆಯ ಶತಮಾನದ ದಮಾಸ್ಕಸ್ ಖಡ್ಗವೊಂದರ ತುಣುಕನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲದ ನ್ಯಾನೊನಳಿಕೆಗಳನ್ನು ಕಂಡುದಾಗಿ ಪ್ರಕಟಿಸಿದರು. ಈ ಖಡ್ಗಗಳಿಗೆ ಬಳಸುತ್ತಿದ್ದ ಲೋಹವು ದಕ್ಷಿಣಭಾರತದಿಂದ ಹೋಗುತ್ತಿದ್ದ ಮೂಸೆಯ ಉಕ್ಕು. ಇಂಗ್ಲಿಷಿನಲ್ಲಿ ಅದಕ್ಕೆ ವೂಟ್ಸ್ ಎಂದು ಹೆಸರು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಶಬ್ದವಿದೆ. ಇದು ನಮ್ಮ ಉಕ್ಕು ಎಂಬ ಮಾತಿನ ವಿಕೃತರೂಪವೆಂದು ಹಲವು ವಿದ್ವಾಂಸರ ಮತ. ಕನ್ನಡಿಗರಿಗೆ ಇದು ಸಂತೋಷದ ವಿಷಯವೇ ಸರಿ.

ಇನ್ನು ಪಾಲಿಮರಿಗೇ ಸಂಬಂಧಿಸಿದ ಉದಾಹರಣೆಗಳು ಓಲೆಗರಿ ಕಡತಗಳನ್ನು ಬಲ್ಲ ಈ ಪತ್ರಿಕೆಯ ವಾಚಕರ ಕೈಯಲ್ಲೇ ಇವೆ. ಕಡತವೆಂಬುದು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಬಳಪದಿಂದ ಬರೆಯುವುದಕ್ಕೆ ಅಣಿಮಾಡಿದ ಮಡಿಕೆ. ಹತ್ತಿಯ ನಾರೂ ಹುಣಿಸೆಬೀಜದ ಅಂಟೂ ಸಕ್ಕರೆಯ ಅಣುಗಳ ದೀರ್ಘ ಸರಪಳಿಗಳೇ, ಅಂದರೆ ಪಾಲಿಮರುಗಳೇ. ಆದರೆ ಕುಟ್ಟಿದ ಇದ್ದಲು ಎಷ್ಟು ನುಣುಪಾದರೂ ಅದರ ಕಣವು ನ್ಯಾನೊಪ್ರಮಾಣಕ್ಕೆ ಇಳಿಯದು. ಆದುದರಿಂದ ಕಡತದಲ್ಲಿ ಮೊದಲನೆಯ ಅಂಗವಾದ ಪ್ರಮಾಣವೇ ಇಲ್ಲ. ಮಸಿಯ ಸಂಗತಿ ಬೇರೆ. ದೀಪದ ಕಾಡಿಗೆಯನ್ನು ಹಿಡಿದು ಮರದ ಗೋಂದಿನೊಡನೆ ಅರೆದು ಮಾಡುವ ಶಾಯಿಯಲ್ಲಿ, ಕಾಡಿಗೆಯ ಮೂಲಕಣಗಳು ನೂರು ನ್ಯಾನೊಮೀಟರಿನ ಆಸುಪಾಸಿನಲ್ಲಿರುತ್ತವೆ. ಗೋಂದೂ ಪಾಲಿಮರೇ. ಅದು ಕಣಗಳನ್ನು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹೀಗೆ ಮಸಿಯಲ್ಲಿ ಪ್ರಮಾಣವಿದೆ. ನೂರಾರು ವರ್ಷ ಕಳೆದರೂ ಮಾಸದ ಅಕ್ಷರಗಳು ಆ ಕೌಶಲಕ್ಕೆ ಸಾಕ್ಷಿ.

ಆದರೂ ಇಲ್ಲಿ ದರ್ಶನವಿಲ್ಲ. ಅರೆದಷ್ಟೂ ಮಸಿಯು ಚೆನ್ನಾಗುವುದೆಂಬುದನ್ನು ಲಿಪಿಕಾರನು ಬಲ್ಲನು. ಏಕೆ ಚೆನ್ನಾಗುವುದೆಂಬುದನ್ನು ಅರಿಯನು. ಉಕ್ಕಿನ ಶಿಲ್ಪಿಯೂ ಹಾಗೆಯೇ. ಆ ಶಿಲ್ಪವು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಕ್ಷೀಣಿಸಿ ನಷ್ಟವಾಯಿತು. ಅದಿರಿನಲ್ಲಿ ಅತ್ಯಲ್ಪವಾಗಿ ಸೇರಿದ್ದ ಕೆಲವು ಲೋಹಗಳಿಂದ ಆ ಗುಣವು ಬರುತ್ತಿದ್ದಿತೆಂದೂ, ಅದಿರಿನ ಮೂಲವು ಬದಲಾದಾಗ ಹಳೆಯ ಕ್ರಮದಿಂದ ಹಳೆಯ ಫಲವು ದೊರೆಯದೆ ಹೋಯಿತೆಂದೂ ಕೆಲವು ಲೋಹಶಾಸ್ತ್ರಜ್ಞರು ಊಹಿಸಿರುವರು. ಈ ಊಹೆಯು ನಿಜವಾದರೆ ಅದರಿಂದ ಒಂದು ಪಾಠವುಂಟು. ಹೇತುಜ್ಞಾನವಿಲ್ಲದ ಕೌಶಲವು ಎಷ್ಟು ಉನ್ನತವಾದರೂ ಸಾಮಗ್ರಿಯು ಬದಲಾದೊಡನೆ ದಿಕ್ಕುಗೆಡುತ್ತದೆ. ನಮ್ಮ ಶಿಲ್ಪಿಗಳ ಕೈಯನ್ನು ಹೊಗಳುವುದು ಯುಕ್ತ. ಅವರಿಗಿಲ್ಲದ ಸಿದ್ಧಾಂತವನ್ನು ಅವರ ಮೇಲೆ ಹೊರಿಸಿ ಹೊಗಳುವುದು ಅವರ ನಿಜವಾದ ಹಿರಿಮೆಯನ್ನು ಮುಚ್ಚುವುದೇ ಆಗುತ್ತದೆ.

೫. ಅರಗಿನಿಂದ ಮಸಿಯವರೆಗೆ

ಕೃತಕ ಪ್ಲಾಸ್ಟಿಕ್ಕಿನ ಚರಿತ್ರೆಯು ಭಾರತದ ಅರಗಿನೊಡನೆ ಹೆಣೆದುಕೊಂಡಿರುವುದನ್ನು ಇಲ್ಲಿ ಸ್ಮರಿಸಬೇಕು. ಲಾಕ್ಷೆಯು ಅಥರ್ವವೇದದ ಐದನೆಯ ಕಾಂಡದಲ್ಲಿಯೇ ಸ್ತುತವಾಗಿದೆ. ಭಾರತದ ಜತುಗೃಹವನ್ನು ಅರಿಯದವರಿಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣವೇರುವುದು ಇಂದಿಗೂ ಅರಗಿನಿಂದಲೇ. ಇದು ಮರದ ಕೊಂಬೆಗಳ ಮೇಲೆ ವಾಸಿಸುವ ಒಂದು ಕೀಟವು ಸ್ರವಿಸುವ ಪಾಲಿಮರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ಯುಚ್ಛಕ್ತಿಯ ತಂತಿಗಳಿಗೂ ಯಂತ್ರಗಳಿಗೂ ಹೊದಿಕೆಯಾಗಿ ಅರಗು ಅಪಾರವಾಗಿ ಬೇಕಾಯಿತು. ಗ್ರಾಮಫೋನಿನ ತಟ್ಟೆಗಳೂ ಅರಗಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಮಾಡಿದವೇ. ಅರಗಿಗೆ ಪ್ರತಿನಿಧಿಯನ್ನು ಹುಡುಕಹೊರಟ ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲ್ಯಾಂಡನು ಅಮೆರಿಕಾದ ಯಾಂಕರ್ಸಿನಲ್ಲಿ ೧೯೦೭ರಲ್ಲಿ ಬೇಕಲೈಟನ್ನು ಸಾಧಿಸಿ, ೧೯೦೯ರಲ್ಲಿ ಅದನ್ನು ಪ್ರಕಟಪಡಿಸಿದನು. ಅದು ಬಿರುಸಾದುದರಿಂದ ಮರದ ಹಿಟ್ಟನ್ನು ಬೆರೆಸಿ ಗಟ್ಟಿಮಾಡುತ್ತಿದ್ದರು. ಬೆರಕೆಯಿಂದ ಗುಣವನ್ನು ತಿದ್ದುವ ಪದ್ಧತಿಯು ಹೀಗೆ ಪ್ಲಾಸ್ಟಿಕ್ಕಿನೊಡನೆಯೇ ಹುಟ್ಟಿತು.

ರಬ್ಬರಿನಲ್ಲಿ ಈ ಪದ್ಧತಿಯು ಅದಕ್ಕೂ ಹಿಂದಿನದು. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರನು ಗಂಧಕದಿಂದ ರಬ್ಬರನ್ನು ಪಾಕಗೊಳಿಸುವುದನ್ನು ಕಂಡುಕೊಂಡ ಮೇಲೆ, ಅದಕ್ಕೆ ನಾನಾ ಪುಡಿಗಳನ್ನು ಬೆರೆಸಿ ನೋಡಿದರು. ಮೊದಮೊದಲಿನ ಟೈರುಗಳು ಸತುವಿನ ಭಸ್ಮದ ಬೆರಕೆಯಿಂದ ಬೆಳ್ಳಗಿದ್ದವು. ೧೯೦೪ರಲ್ಲಿ ಲಂಡನ್ನಿನ ಸಿಲ್ವರ್‌ಟೌನಿನಲ್ಲಿದ್ದ ರಬ್ಬರು ಕಾರ್ಖಾನೆಯ ಎಸ್. ಸಿ. ಮೋಟನು ಮಸಿಯನ್ನು ಬೆರೆಸಿದರೆ ರಬ್ಬರಿನ ಬಲವು ಬಹಳವಾಗಿ ಹೆಚ್ಚುವುದನ್ನು ಕಂಡನು. ೧೯೧೦ರ ಅನಂತರ ಅಮೆರಿಕಾದ ಗುಡ್‌ರಿಚ್ ಕಂಪನಿಯು ಇದನ್ನು ಕೈಗೊಂಡಿತು. ಟೈರುಗಳು ಕಪ್ಪಾದದ್ದು ಹೀಗೆ. ಸವೆಯದೆ ನಡೆಯುವ ದೂರವೂ ಹಲವು ಪಾಲು ಹೆಚ್ಚಿತು. ಟೈರಿನ ಮಸಿಯ ಮೂಲಕಣಗಳು ಈಗಿನ ಅಳತೆಯಲ್ಲಿ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನ್ಯಾನೊಮೀಟರಿನವು. ಹೀಗೆಂದ ಮೇಲೆ ೧೯೦೪ನ್ನೇ ಆದಿವರ್ಷವೆಂದು ಏಕೆ ಹೇಳಬಾರದು?

ಹೇಳಲಾಗದು. ಆ ಕಾಲದಲ್ಲಿ ಅಂತಹ ಕಣವನ್ನು ಕಾಣುವ ಸಾಧನವಿರಲಿಲ್ಲ. ನೋಲ್ ಮತ್ತು ರುಸ್ಕಾ ಎಂಬ ಜರ್ಮನರು ಎಲೆಕ್ಟ್ರಾನು ಸೂಕ್ಷ್ಮದರ್ಶಕವನ್ನು ರಚಿಸಿದ್ದು ೧೯೩೧ರಲ್ಲಿ. ರಬ್ಬರೆಂದರೇನೆಂಬುದೇ ಆಗ ತಿಳಿದಿರಲಿಲ್ಲ. ಸಣ್ಣ ಅಣುಗಳು ಹೇಗೋ ಗುಂಪುಗೂಡಿ ರಬ್ಬರಾಗಿದೆಯೆಂದು ರಸಾಯನಶಾಸ್ತ್ರಜ್ಞರಲ್ಲಿ ಬಹುಮಂದಿ ನಂಬಿದ್ದರು. ಹರ್ಮನ್ ಸ್ಟೌಡಿಂಗರನು ೧೯೨೦ರಲ್ಲಿ ಅದು ನಿಜವಾಗಿ ಸಹಸ್ರಾರು ಅವಯವಗಳು ಗಟ್ಟಿಯಾಗಿ ಬೆಸೆದ ಒಂದೇ ಮಹಾಣುವೆಂದು ಪ್ರತಿಪಾದಿಸಿದಾಗ ದೊಡ್ಡ ದೊಡ್ಡ ಪಂಡಿತರೇ ಅವನನ್ನು ವಿರೋಧಿಸಿದರು. ಅವನ ಪಕ್ಷವು ಗೆದ್ದು ೧೯೫೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು. ಆಧಾರದ್ರವ್ಯದ ಸ್ವರೂಪವೂ ತಿಳಿಯದೆ, ಆಧೇಯದ ಪ್ರಮಾಣವೂ ತಿಳಿಯದೆ ಮಾಡಿದ ಕಾರ್ಯವು ಫಲವತ್ತಾದರೂ ಅದನ್ನು ಪೂರ್ವರೂಪವೆನ್ನಬೇಕೇ ಹೊರತು ತಂತ್ರವೆನ್ನಲಾಗದು.

ಇಲ್ಲಿ ಪೂರ್ವಪಕ್ಷಿಯು ಮತ್ತೊಂದು ಆಕ್ಷೇಪವನ್ನು ತರಬಹುದು. ೧೯೪೦ರ ದಶಕದ ಈಚೆಗೆ ಕುಲುಮೆಯ ಕ್ರಮದಿಂದ ಮಸಿಯನ್ನು ತಯಾರಿಸತೊಡಗಿದ ಮೇಲೆ, ಸೂಕ್ಷ್ಮದರ್ಶಕದಿಂದ ಕಣಗಳನ್ನು ಅಳೆದು ತರಗತಿಗಳಾಗಿ ವಿಂಗಡಿಸಿಯೇ ಮಾರುತ್ತಿದ್ದರಲ್ಲವೆ ಎಂದು. ಇದು ನಿಜ. ಆದುದರಿಂದ ಆ ಮಸಿಯಲ್ಲಿ ಪ್ರಮಾಣವೂ ದರ್ಶನವೂ ಉಂಟೆಂದು ಒಪ್ಪತಕ್ಕದ್ದೇ. ಆದರೆ ಅಲ್ಲಿ ಕಣಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಬೆಸೆದ ಗೊಂಚಲುಗಳಾಗಿರುತ್ತವೆ. ರಬ್ಬರಿನ ಸರಪಳಿಯು ಅವನ್ನು ಹಿಡಿಯುವುದು ಬಹುಮಟ್ಟಿಗೆ ಮಸಿಯ ಸಹಜಗುಣದಿಂದ. ಕರ್ತೃವು ಮೊದಲೇ ಏರ್ಪಡಿಸಿದ ಬಂಧದಿಂದಲ್ಲ. ಇದನ್ನು ಮಧ್ಯಮಾವಸ್ಥೆಯೆಂದು ಹೇಳಬಹುದು.

೬. ನಾಮಕರಣ

ಮೂರನೆಯ ಪಕ್ಷವನ್ನು ಸಂಕ್ಷೇಪವಾಗಿ ಪರೀಕ್ಷಿಸಿದರೆ ಸಾಕು. ೧೯೫೯ರ ಡಿಸೆಂಬರು ೨೯ರಂದು ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಫೈನ್‌ಮನ್ ಎಂಬ ಭೌತಶಾಸ್ತ್ರಜ್ಞನು ಪರಮಾಣುಗಳ ಮಟ್ಟದಲ್ಲಿ ವಸ್ತುಗಳನ್ನು ಜೋಡಿಸುವ ಸಾಧ್ಯತೆಯನ್ನು ಕುರಿತು ಭಾಷಣಮಾಡಿದನು. ನ್ಯಾನೊ ಎಂಬ ಮಾತನ್ನು ಆತನು ಆಡಲಿಲ್ಲ. ೧೯೭೪ರಲ್ಲಿ ಜಪಾನಿನ ನೊರಿಯೊ ತಾನಿಗುಚಿ ನ್ಯಾನೊತಂತ್ರವೆಂಬ ಪದವನ್ನು ಪ್ರಯೋಗಿಸಿದನು. ಆತನ ಮನಸ್ಸಿನಲ್ಲಿದ್ದುದು ಲೋಹಾದಿ ಘನವಸ್ತುಗಳನ್ನು ಅತಿಸೂಕ್ಷ್ಮವಾಗಿ ಕೊರೆದು ಸಂಸ್ಕರಿಸುವ ವಿಚಾರ. ೧೯೮೧ರಲ್ಲಿ ಜ್ಯೂರಿಕ್ಕಿನಲ್ಲಿ ಬಿನ್ನಿಗ್ ಮತ್ತು ರೋರರ್ ಎಂಬವರು ಪರಮಾಣುಗಳನ್ನು ಒಂದೊಂದಾಗಿ ಕಾಣಿಸುವ ಯಂತ್ರವನ್ನು ರಚಿಸಿದರು. ೧೯೮೬ರಲ್ಲಿ ಡ್ರೆಕ್ಸ್‌ಲರನ ಗ್ರಂಥದಿಂದ ಹೆಸರು ಜನಜನಿತವಾಯಿತು. ಇವುಗಳಲ್ಲಿ ಯಾವುದೂ ಪಾಲಿಮರಿನ ಪ್ರಸಂಗದಲ್ಲಿ ಬಂದುದಲ್ಲ. ಹೆಸರು ಒಂದು ಮನೆಯಲ್ಲಿ ಹುಟ್ಟಿ, ಕಾರ್ಯವು ಇನ್ನೊಂದು ಮನೆಯಲ್ಲಿ ಬೆಳೆದು, ಅನಂತರ ಎರಡೂ ಕೂಡಿದುವು.

೭. ಮಣ್ಣು ಮತ್ತು ನೈಲಾನು

ಇನ್ನು ಸಿದ್ಧಾಂತಕ್ಕೆ ಆಧಾರವಾದ ಪ್ರಯೋಗವನ್ನು ವಿಸ್ತರಿಸಬೇಕಾಗಿದೆ. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಹೆಸರು ಪಡೆದ ಮಾಂಟ್‌ಮೊರಿಲೊನೈಟು ಎಂಬ ಒಂದು ಬಗೆಯ ಜೇಡಿಯುಂಟು. ನೀರು ಬಿದ್ದರೆ ಅದು ಉಬ್ಬುತ್ತದೆ. ಇದರ ರಚನೆಯು ಓಲೆಕಟ್ಟಿನಂತೆ ಪದರಪದರವಾದುದು. ಒಂದೊಂದು ಪದರವು ಸುಮಾರು ಒಂದು ನ್ಯಾನೊಮೀಟರು ದಪ್ಪ; ಉದ್ದಗಲಗಳು ನೂರು ನ್ಯಾನೊಮೀಟರು ಮತ್ತು ಅದಕ್ಕೂ ಮೇಲೆ. ಪದರಗಳೆಲ್ಲ ಬಿಚ್ಚಿಕೊಂಡರೆ ಒಂದು ಗ್ರಾಮಿನ ಮೇಲ್ಮೈ ಏಳುನೂರು ಚದರ ಮೀಟರನ್ನು ಮೀರುತ್ತದೆ. ಪದರಗಳ ನಡುವೆ ಸೋಡಿಯಮ್ ಮೊದಲಾದ ಧನ ಅಯಾನುಗಳು ಇರುತ್ತವೆ. ಅವು ನೀರನ್ನು ಬಯಸುತ್ತವೆ, ಎಣ್ಣೆಯ ಜಾತಿಯ ದ್ರವ್ಯಗಳನ್ನು ಬಯಸವು. ಆದಕಾರಣ ಈ ಮಣ್ಣನ್ನು ಪ್ಲಾಸ್ಟಿಕ್ಕಿಗೆ ಸುಮ್ಮನೆ ಬೆರೆಸಿದರೆ ಕಟ್ಟು ಬಿಚ್ಚುವುದಿಲ್ಲ; ಗಂಟುಗಂಟಾಗಿಯೇ ಉಳಿಯುತ್ತದೆ.

ಈ ತೊಡಕನ್ನು ಬಿಡಿಸಲು ಹಿಂದೆಯೂ ಯತ್ನಗಳು ನಡೆದಿದ್ದವು. ಸಾವಯವ ದ್ರವ್ಯದಿಂದ ಸಂಸ್ಕರಿಸಿದ ಜೇಡಿಯನ್ನು ರಬ್ಬರಿಗೆ ಬೆರೆಸುವ ಕ್ರಮಕ್ಕೆ ೧೯೫೦ರಲ್ಲಿ ಅಮೆರಿಕಾದ ನ್ಯಾಷನಲ್ ಲೆಡ್ ಕಂಪನಿಗೆ ಪೇಟೆಂಟು ದೊರೆಯಿತು. ೧೯೭೬ರಲ್ಲಿ ಜಪಾನಿನ ಯೂನಿಟಿಕಾ ಕಂಪನಿಯು ಜೇಡಿಯನ್ನು ನೈಲಾನಿಗೆ ಸೇರಿಸುವ ಪೇಟೆಂಟಿಗೆ ಅರ್ಜಿಯಿಟ್ಟಿತು. ಇವು ಗಣನೀಯವಾದ ಪೂರ್ವಪ್ರಯತ್ನಗಳು. ಆದರೆ ಇವುಗಳಿಂದ ವ್ಯಾಪಕವಾದ ಉದ್ಯಮವು ಬೆಳೆಯಲಿಲ್ಲ.

೧೯೮೦ರ ದಶಕದಲ್ಲಿ ಜಪಾನಿನ ಟೊಯೋಟಾ ಕೇಂದ್ರೀಯ ಸಂಶೋಧನಾಲಯದ ಒಕಾಡಾ, ಕಾಮಿಗೈಟೊ, ಉಸುಕಿ, ಕವಾಸುಮಿ, ಕೊಜಿಮಾ ಮುಂತಾದ ವಿಜ್ಞಾನಿಗಳು ಈ ಕಾರ್ಯವನ್ನು ಬೇರೊಂದು ದಾರಿಯಿಂದ ಸಾಧಿಸಿದರು. ಅವರು ಆರಿಸಿಕೊಂಡ ನೈಲಾನು ೧೯೩೮ರಲ್ಲಿ ಜರ್ಮನಿಯ ಪೌಲ್ ಶ್ಲಾಕನು ಕ್ಯಾಪ್ರೊಲ್ಯಾಕ್ಟಮ್ ಎಂಬ ದ್ರವ್ಯದಿಂದ ಮಾಡಿದ ನೈಲಾನು-೬. ಅವರು ಮೊದಲು ಮಣ್ಣಿನ ಪದರಗಳ ನಡುವಣ ಸೋಡಿಯಮನ್ನು ತೆಗೆದು, ಅದರ ಸ್ಥಾನದಲ್ಲಿ ಹನ್ನೆರಡು ಇಂಗಾಲಗಳ ಸರಪಳಿಯುಳ್ಳ ಒಂದು ಅಮೈನೊ ಆಮ್ಲವನ್ನು ಕೂಡಿಸಿದರು. ಈ ಆಮ್ಲಕ್ಕೆ ಎರಡು ಕೈಗಳಿದ್ದಂತೆ. ಒಂದು ತುದಿಯು ಮಣ್ಣಿನ ಪದರವನ್ನು ಹಿಡಿಯುತ್ತದೆ. ಇನ್ನೊಂದು ತುದಿಯು ನೈಲಾನಿನ ಸರಪಳಿಯು ಬೆಳೆಯಲು ಬೀಜವಾಗುತ್ತದೆ. ಹೀಗೆ ಸಂಸ್ಕರಿಸಿದ ಮಣ್ಣು ಕರಗಿದ ಕ್ಯಾಪ್ರೊಲ್ಯಾಕ್ಟಮನ್ನು ಒಳಕ್ಕೆ ಹೀರಿ ಉಬ್ಬಿತು. ಅನಂತರ ಕಾಯಿಸಿದಾಗ ಸರಪಳಿಗಳು ಪದರಗಳ ನಡುವೆಯೇ ಬೆಳೆದು, ಕಟ್ಟನ್ನು ಒಳಗಿನಿಂದ ಬಿಚ್ಚಿ, ಒಂದೊಂದು ಹಾಳೆಯನ್ನೂ ಬೇರೆ ಬೇರೆಯಾಗಿ ನೈಲಾನಿನಲ್ಲಿ ಹರಡಿದವು. ಹಾಗೆ ಹರಡಿರುವುದನ್ನು ಎಕ್ಸ್-ಕಿರಣಗಳಿಂದಲೂ ಎಲೆಕ್ಟ್ರಾನು ಸೂಕ್ಷ್ಮದರ್ಶಕದಿಂದಲೂ ಅವರು ನೋಡಿ ನಿಶ್ಚಯಿಸಿದರು.

ಫಲವು ಹೀಗಿದೆ. ತೂಕದಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಣ್ಣು ಸೇರಿದ ನೈಲಾನಿನ ಎಳೆತದ ಬಲವು ೬೯ ಮೆಗಾಪ್ಯಾಸ್ಕಲಿನಿಂದ ೧೦೭ಕ್ಕೆ ಏರಿತು. ಎಳೆತಕ್ಕೆ ಮಣಿಯದ ಬಿಗುಪು ೧.೧ ಗಿಗಾಪ್ಯಾಸ್ಕಲಿನಿಂದ ೨.೧ಕ್ಕೆ, ಅಂದರೆ ಹೆಚ್ಚುಕಡಮೆ ಎರಡರಷ್ಟಕ್ಕೆ, ಹೆಚ್ಚಿತು. ಭಾರವನ್ನು ಹೊತ್ತಾಗ ಮೆತ್ತಗಾಗಿ ಬಾಗುವ ಉಷ್ಣಮಾನವು ೬೫ ಡಿಗ್ರಿ ಸೆಂಟಿಗ್ರೇಡಿನಿಂದ ೧೪೦ನ್ನು ಮೀರಿತು. ಅದೇ ಮಣ್ಣನ್ನು ಅಷ್ಟೇ ಪ್ರಮಾಣದಲ್ಲಿ ಸಂಸ್ಕಾರವಿಲ್ಲದೆ ಬೆರೆಸಿದಾಗ ಬಲವು ಹೆಚ್ಚಲಿಲ್ಲ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಪದರಗಳು ಬಿಚ್ಚಿಕೊಂಡಲ್ಲಿ ಗುಣವಿದೆ, ಬಿಚ್ಚಿಕೊಳ್ಳದಲ್ಲಿ ಗುಣವಿಲ್ಲ. ಹೀಗೆ ಅನ್ವಯವ್ಯತಿರೇಕಗಳೆರಡರಿಂದಲೂ ಕಾರಣವು ನಿರ್ಣೀತವಾಯಿತು. ದ್ರವ್ಯವಲ್ಲ, ದ್ರವ್ಯದ ಪ್ರಮಾಣವೇ ಇಲ್ಲಿ ಕಾರಣ.

ಈ ಕ್ರಮಕ್ಕೆ ೧೯೮೫ರಲ್ಲಿ ಜಪಾನಿನಲ್ಲಿ ಅರ್ಜಿ ಸಲ್ಲಿಸಲಾಯಿತು. ಅಮೆರಿಕಾದ ಪೇಟೆಂಟು ೧೯೮೮ರಲ್ಲಿ ದೊರೆಯಿತು. ಅದರ ಶೀರ್ಷಿಕೆಯಲ್ಲಿ ಸಂಯುಕ್ತದ್ರವ್ಯವೆಂದಿದೆಯೇ ಹೊರತು ನ್ಯಾನೊ ಎಂದಿಲ್ಲ. ೧೯೯೩ರಲ್ಲಿ ಪ್ರಕಟವಾದ ಇವರ ಪ್ರಸಿದ್ಧ ಲೇಖನಗಳ ಶೀರ್ಷಿಕೆಗಳಲ್ಲಿಯೂ ನೈಲಾನು-ಜೇಡಿಮಣ್ಣಿನ ಸಂಕರವೆಂಬ ಹೆಸರೇ ಇದೆ. ಊಬೆ ಕಂಪನಿಯೊಡನೆ ಕೂಡಿ ತಯಾರಿಸಿದ ಈ ದ್ರವ್ಯದಿಂದ ಮೋಟಾರುಗಾಡಿಯ ಎಂಜಿನ್ನಿನೊಳಗಿನ ಪಟ್ಟಿಗೆ ಮುಚ್ಚಳವನ್ನು ಮಾಡಿದರು. ಪ್ರಮಾಣ, ದರ್ಶನ, ಸಂಕಲ್ಪಗಳೆಂಬ ಮೂರು ಅಂಗಗಳೂ ಇಲ್ಲಿ ಸ್ಪಷ್ಟವಾಗಿ ಕೂಡಿವೆ. ಆದುದರಿಂದ ಪಾಲಿಮರುಗಳಲ್ಲಿ ನ್ಯಾನೊತಂತ್ರದ ಆರಂಭವನ್ನು ೧೯೮೫ರ ಸಮೀಪದಲ್ಲಿ ಇಡುವುದೇ ಯುಕ್ತವೆಂದು ತೋರುತ್ತದೆ.

೮. ಉತ್ತರಚರಿತ್ರೆ

ಅನಂತರದ ಬೆಳವಣಿಗೆಯನ್ನು ದಿಙ್ಮಾತ್ರವಾಗಿ ಹೇಳಿದರೆ ಸಾಕು. ೧೯೯೧ರಲ್ಲಿ ಜಪಾನಿನ ಇಜಿಮಾನ ಲೇಖನದಿಂದ ಇಂಗಾಲದ ನ್ಯಾನೊನಳಿಕೆಗಳು ಲೋಕಪ್ರಸಿದ್ಧವಾದುವು. ಅವನ್ನು ಪಾಲಿಮರಿನೊಳಗೆ ಸೇರಿಸಿದ ಮೊದಲ ಪ್ರಯೋಗಗಳಲ್ಲೊಂದು ಕೇರಳದಲ್ಲಿ ಹುಟ್ಟಿದ ಪುಲಿಕ್ಕಲ್ ಅಜಯನ್ ಮತ್ತು ಸಂಗಡಿಗರದು. ಅದು ೧೯೯೪ರಲ್ಲಿ ಪ್ರಕಟವಾಯಿತು. ೧೯೯೨ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿಯು ಮಸಿಯ ಬದಲು ಸಿಲಿಕಾದ ಸೂಕ್ಷ್ಮಕಣಗಳನ್ನು ಹೆಚ್ಚಾಗಿ ಬಳಸಿ, ಸುಲಭವಾಗಿ ಉರುಳಿ ಇಂಧನವನ್ನು ಉಳಿಸುವ ಟೈರುಗಳನ್ನು ಹೊರತಂದಿತು. ೧೯೯೩ರಲ್ಲಿ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜಿಯಾನೆಲಿಸ್ ಮುಂತಾದವರು ಸಿದ್ಧವಾದ ಪ್ಲಾಸ್ಟಿಕ್ಕನ್ನೇ ಕರಗಿಸಿ ಮಣ್ಣಿನ ಪದರಗಳೊಳಗೆ ಹೊಗಿಸಬಹುದೆಂದು ತೋರಿಸಿದರು. ಇದರಿಂದ ಕಾರ್ಖಾನೆಗಳಿಗೆ ಅನುಕೂಲವಾಯಿತು. ೨೦೦೨ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ತನ್ನ ಗಾಡಿಗಳ ಮೆಟ್ಟಿಲಿಗೆ ಇಂತಹ ದ್ರವ್ಯವನ್ನು ಬಳಸಿತು. ಮಣ್ಣಿನ ಹಾಳೆಗಳು ಗಾಳಿಗೆ ಅಡ್ಡಗೋಡೆಗಳಂತಾಗಿ ಅದರ ದಾರಿಯನ್ನು ವಕ್ರವಾಗಿಸುವುದರಿಂದ ಆಹಾರದ ಪೊಟ್ಟಣಗಳಿಗೂ ಈ ಪದ್ಧತಿಯು ಒದಗಿತು. ಭಾರತ ಸರ್ಕಾರವು ೨೦೦೭ರಲ್ಲಿ ನ್ಯಾನೊ ಮಿಷನ್ನನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾಯರು ನ್ಯಾನೊದ್ರವ್ಯಗಳ ಸಂಶೋಧನೆಯನ್ನು ಈ ದೇಶದಲ್ಲಿ ನೆಲೆಗೊಳಿಸಿದವರಲ್ಲಿ ಅಗ್ರಗಣ್ಯರು.

ಈ ಚರಿತ್ರೆಗೆ ಇನ್ನೊಂದು ಮುಖವುಂಟು. ೨೦೦೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಉದ್ದವಾದ ಕೆಲವು ನ್ಯಾನೊನಳಿಕೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆಯೇ ವಿಕಾರವನ್ನು ಉಂಟುಮಾಡಿದುದು ಕಂಡುಬಂದಿತು. ೨೦೨೪ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದವರು ಸೀಸೆಯ ನೀರನ್ನು ಪರೀಕ್ಷಿಸಿ, ಒಂದು ಲೀಟರಿನಲ್ಲಿ ಸರಾಸರಿ ಎರಡು ಲಕ್ಷ ನಲವತ್ತು ಸಾವಿರ ಪ್ಲಾಸ್ಟಿಕ್ ಕಣಗಳಿರುವುದಾಗಿಯೂ, ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನ್ಯಾನೊಪ್ರಮಾಣದವೆಂದೂ ತಿಳಿಸಿದರು. ಈ ಕಣಗಳನ್ನು ಯಾರೂ ಬೇಕೆಂದು ಮಾಡಿದುದಲ್ಲ. ಎಸೆದ, ಸವೆದ, ಬಿಸಿಲಿಗೆ ಒಣಗಿ ಒಡೆದ ಪ್ಲಾಸ್ಟಿಕ್ಕು ತಾನಾಗಿಯೇ ಆ ಪ್ರಮಾಣಕ್ಕೆ ಇಳಿಯುತ್ತಿದೆ. ಇಲ್ಲಿ ಪ್ರಮಾಣವಿದೆ; ಈಚೆಗೆ ದರ್ಶನವೂ ಆಗಿದೆ; ಸಂಕಲ್ಪ ಮಾತ್ರ ಇಲ್ಲ. ಮೇಲ್ಮೈಯು ಹೆಚ್ಚಿದಷ್ಟೂ ಕಾರ್ಯಶಕ್ತಿಯು ಹೆಚ್ಚುವುದೆಂಬ ನಿಯಮವು ಬೇಕಾದ ಕಣಕ್ಕೂ ಬೇಡದ ಕಣಕ್ಕೂ ಒಂದೇ.

೯. ಉಪಸಂಹಾರ

ಇಷ್ಟರಿಂದ ಸಿದ್ಧಿಸಿದ ಅಂಶಗಳು ಇವು. ಮಸಿ ಮತ್ತು ಉಕ್ಕುಗಳಲ್ಲಿ ನಮ್ಮ ಪೂರ್ವಿಕರು ನ್ಯಾನೊಪ್ರಮಾಣದ ಫಲವನ್ನು ಪಡೆದಿದ್ದರು, ಆದರೆ ಅದನ್ನು ಅರಿತಿದ್ದರೆಂದು ಹೇಳಲಾಗದು. ೧೯೦೪ರ ರಬ್ಬರು ಪೂರ್ವರೂಪ; ೧೯೪೦ರ ಈಚಿನ ಮಸಿಯು ಮಧ್ಯಮಾವಸ್ಥೆ; ೧೯೭೪ರದು ನಾಮಕರಣ ಮಾತ್ರ; ೧೯೮೫ರ ಮಣ್ಣು-ನೈಲಾನುಗಳ ಸಂಯೋಗವೇ ಪೂರ್ಣವಾದ ಜನ್ಮ. ಆ ಪ್ರಯೋಗಕ್ಕೆ ಮುಂಚಿನದೊಂದರಲ್ಲಿ ಮೂರು ಅಂಗಗಳೂ ಕೂಡಿರುವುದನ್ನು ಯಾರಾದರೂ ಪ್ರಮಾಣಪೂರ್ವಕವಾಗಿ ತೋರಿಸಿದಲ್ಲಿ ಕಾಲವನ್ನು ಹಿಂದಕ್ಕೆ ಸರಿಸುವುದಕ್ಕೆ ಅಡ್ಡಿಯಿಲ್ಲ. ಕವಿಕಾಲವಿಚಾರದಲ್ಲಿಯೂ ನಾವು ಹಾಗೆಯೇ ನಡೆದುಕೊಳ್ಳುವೆವು.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಪರಮಾಣುವೆಂಬ ಶಬ್ದವು ದರ್ಶನಗ್ರಂಥದಲ್ಲಿಯೂ ವಿಜ್ಞಾನಗ್ರಂಥದಲ್ಲಿಯೂ ಬರುವುದೆಂಬುದೊಂದರಿಂದ ಎರಡರ ವಿದ್ಯೆಯೂ ಒಂದೇ ಎಂದು ವಿದ್ಯಾರ್ಥಿಗಳು ತಿಳಿದಲ್ಲಿ ಆ ಭ್ರಾಂತಿಯನ್ನು ಬಿಡಿಸುವ ಹೊಣೆಯು ವಿಜ್ಞಾನದ ಅಧ್ಯಾಪಕರದಷ್ಟೇ ಭಾಷೆಯ ಅಧ್ಯಾಪಕರದೂ ಆಗಿದೆ. ಶಬ್ದವು ಎಲ್ಲಿ ಯಾವ ಅರ್ಥದಲ್ಲಿ ನಿಂತಿದೆಯೆಂಬುದನ್ನು ನೋಡಿ ಹೇಳುವುದೇ ನಮ್ಮ ವೃತ್ತಿಯಲ್ಲವೆ? ಕಡತದ ಕಪ್ಪನ್ನು ಕಡತದ ಕಪ್ಪೆಂದೂ, ಟೈರಿನ ಕಪ್ಪನ್ನು ಟೈರಿನ ಕಪ್ಪೆಂದೂ ಬೇರೆ ಬೇರೆಯಾಗಿ ತೋರಿಸಿದಾಗ ಎರಡಕ್ಕೂ ಸಲ್ಲಬೇಕಾದ ಗೌರವವು ಸಲ್ಲುತ್ತದೆ.